ಪ್ರಭುಲಿಂಗನ ಸಾಲು ಕಾಣೆಯಾದ ಶುಕ್ರವಾರ

ಇಂದಿರಾನಗರದ ಆಫೀಸೊಂದರ ಮೂರನೇ ಮಹಡಿಯಲ್ಲಿ ಕೂತು ಪ್ರಭುಲಿಂಗ ಮಾಡುವ ಕೆಲಸ ಏನೆಂದು ಕಲಬುರಗಿ ಕಡೆಯ ಅವನ ಬೀಗರಿಗೆ ತಿಳಿಸಿ ಹೇಳಲು ಇದುವರೆಗೂ ಯಾರಿಂದಲೂ ಆಗಿಲ್ಲ. ನಿಮಗಾದರೂ ಹೇಳಿ ನೋಡೋಣ. ಕಂಪ್ಯೂಟರಿನಲ್ಲಿ ಸಾವಿರಾರು ಸಾಲುಗಳ ಟೇಬಲ್ ಇರುತ್ತದಲ್ಲ, ಅಂಗಡಿಯ ಸರಕೋ, ಶಾಲೆಯ ಮಕ್ಕಳ ಹೆಸರೋ, ಏನೋ ಒಂದು. ಅದರ ತಲೆಯ ಮೇಲೆ ಒತ್ತಿದರೆ ಸಾಲುಗಳೆಲ್ಲ ಕ್ರಮವಾಗಿ ನಿಲ್ಲಬೇಕು, ಅದು ಸಾರ್ಟಿಂಗ್. ಬೇಕಾದ ಸಾಲುಗಳಷ್ಟೇ ಉಳಿದು ಮಿಕ್ಕವು ಮರೆಯಾಗಬೇಕು, ಅದು ಫಿಲ್ಟರ್. ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಏನು ಕಾಣಬೇಕು, ಬಾಣದ ಗುರುತು ಮೇಲೆ ನೋಡಬೇಕೋ ಕೆಳಗೆ ನೋಡಬೇಕೋ, ಇದನ್ನು ತೀರ್ಮಾನಿಸುವುದು ಪ್ರಭುಲಿಂಗನ ಕೆಲಸ. ಅಯ್ಯೋ, ಇಷ್ಟಕ್ಕೇ ಒಬ್ಬ ಮನುಷ್ಯ ಬೇಕಾ ಎಂದು ನಗಬೇಡಿ. ಆ ಬಾಣದ ವಿಷಯಕ್ಕೇ ಆಫೀಸಿನಲ್ಲಿ ಒಂದು ಇಡೀ ಬೇಸಿಗೆ ಜಗಳ ನಡೆದಿತ್ತು.

ಕೆಲಸ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ತರಕಾರಿ ಮಾರುವ ಬೈರಮ್ಮನ ಮುಂದೆ ನಿಂತು ಅವನು, "ಮೊದಲ ಬಣ್ಣದ ಮ್ಯಾಲೆ ಬ್ಯಾರೆ ಮಾಡ್ರಿ. ಆಮ್ಯಾಲೆ ಒಂದೊಂದು ಬಣ್ಣದಾಗ ಸಣ್ಣದು ಮುಂದ, ದೊಡ್ಡದು ಹಿಂದ. ಹುಡುಕ್ಲಾಕ ಸಲೀಸ ಆಗ್ತದ," ಎಂದು ಬದನೆಕಾಯಿಗೆ ಪಾಠ ಹೇಳುತ್ತಿದ್ದ.

"ಕಾಲು ಕೆಜಿ ಬದ್ನೇಕಾಯಿಗೆ ನನ್ನ ಅಂಗಡಿಯೆಲ್ಲಾ ಮಗುಚ್ಬೇಕಾ? ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡಪ್ಪ," ಎನ್ನುತ್ತಿದ್ದಳು ಬೈರಮ್ಮ.

ಮನೆಯಲ್ಲೂ ಅದೇ ಗೋಳು. ಒಂದು ಭಾನುವಾರ ಹೆಂಡತಿ ರುದ್ರಾಣಿ ಊರಿನವರ ಜೊತೆ ಫೋನಿನಲ್ಲಿ ಮುಳುಗಿದ್ದಾಗ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಟ್ಟ. ಸಾರಿನ ಪುಡಿಯ ಪಕ್ಕಕ್ಕೆ ಸೋಪಿನ ಪುಡಿ ಬಂದು ನಿಂತಿತು. ಅವತ್ತಿನ ಸಾರು ನೊರೆಯೆದ್ದು ಒಲೆಯಿಂದ ಇಳಿದು ಬಾಗಿಲ ತನಕ ಹರಿಯಿತು.

"ಇನ್ನೊಮ್ಮೆ ನನ್ನ ಡಬ್ಬಿ ಮುಟ್ಟಿದ್ರ ನಿಮ್ಮನ್ನೇ ಎತ್ತಿ ಅಟ್ಟದ ಮ್ಯಾಲ ಇಡ್ತೀನಿ ನೋಡ್ರಿ," ಎಂದಳು ರುದ್ರಾಣಿ. ಅಟ್ಟದಲ್ಲಿ ಯಾವ ಕ್ರಮದಲ್ಲಿ ಎಂದು ಅವನು ಕೇಳಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು.

ಇಷ್ಟೆಲ್ಲ ಹುಚ್ಚಿನ ನಡುವೆ ಅವನು ಮಾಡಿದ್ದ ಒಂದು ಸಂಗತಿಯ ಮೇಲೆ ಅವನಿಗೆ ಜೀವ. ಒಂದು ಹಳದಿ ಪಟ್ಟಿ. ಯಾರಾದರೂ ಟೇಬಲ್ಲಿಗೆ ಫಿಲ್ಟರ್ ಹಾಕಿದರೆ ಸಾಕು, ಪರದೆಯ ನೆತ್ತಿಯ ಮೇಲೆ ಆ ಪಟ್ಟಿ ಮೂಡಿ "ಫಿಲ್ಟರ್ ಆನ್ ಇದೆ" ಎಂದು ಹೇಳುತ್ತಿತ್ತು. ಅವನ ತಂಡದ ಮುಖ್ಯಸ್ಥ ರವಿಕಿರಣನಿಗೆ ಆ ಪಟ್ಟಿ ಕಂಡರೆ ಆಗುತ್ತಿರಲಿಲ್ಲ. ರವಿಕಿರಣ ದಾವಣಗೆರೆಯವನು, ಕಣ್ಣಿಗೆ ಕಂಡದ್ದೆಲ್ಲ ಕ್ಲೀನಾಗಿರಬೇಕು ಎನ್ನುವವನು. ಒಂದು ಶುಕ್ರವಾರ ಬೆಳಿಗ್ಗೆ ಪಟ್ಟಿಯನ್ನು ಕಿತ್ತುಹಾಕಿ, ಆ ಟೇಬಲ್ ಸಾಫ್ಟ್‌ವೇರಿನ ಹೊಸ ವರ್ಷನ್ನನ್ನು ಮೊದಲು ಸ್ವಂತ ಆಫೀಸಿನವರೇ ಬಳಸಿ ನೋಡಲೆಂದು ಎಲ್ಲರ ಕಂಪ್ಯೂಟರಿಗೂ ಹಾಕಿಸಿಬಿಟ್ಟ.

ಪ್ರಭುಲಿಂಗ ಕೆಂಡವಾದ. "ಏನ್ರಿ ಇದು? ಪಟ್ಟಿ ಎಲ್ಲಿ ಹೋತು?"

"ಸ್ಕ್ರೀನ್ ಕ್ಲೀನಾಗಿ ಕಾಣ್ಬೇಕು ಗುರು. ಫಿಲ್ಟರ್ ಹಾಕಿದೀನಿ ಅಂತ ಹಾಕ್ದೋನಿಗೆ ಗೊತ್ತಿರಲ್ವಾ?"

"ಹಾಕಿದಾವಂಗ ಗೊತ್ತಿರ್ತದ್ರಿ. ಹಿಂದಿಂದ ಬಂದು ನೋಡಾವಂಗ? ಒಬ್ಬರು ಹಾಕಿದ ಫಿಲ್ಟರ್ ಎಲ್ಲಾರ ಸ್ಕ್ರೀನಿಗೂ ಬರ್ತದ. ಇದ್ದ ಸಾಲು ಇಲ್ಲ ಅಂತ ತಿಳಕೊಂಡು ಎದಿ ಒಡಕೊಳ್ತಾನ!"

"ಅಷ್ಟು ಪೆದ್ದ ಯಾರಿರ್ತಾರೆ ಹೇಳು?"

"ನಿಮಗ ಬುದ್ಧಿ ಇಲ್ರಿ!" ಎಂದುಬಿಟ್ಟ ಪ್ರಭುಲಿಂಗ. ಇಡೀ ಆಫೀಸಿಗೆ ಕೇಳಿಸಿತು. ರವಿಕಿರಣ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಇನ್ನೇನು ಕೂತು ಕೆಲಸ ಮಾಡುವ ಮನಸ್ಸಿಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿ ಮಲಗೋಣ ಎಂದುಕೊಂಡು ಪ್ರಭುಲಿಂಗ ಊಟದ ಹೊತ್ತಿಗೆ ಸಿಬ್ಬಂದಿಯ ಟೇಬಲ್ ತೆರೆದ. ಅಲ್ಲಿ ಅವರವರ ಸಾಲಿನಲ್ಲಿ ಅವರವರೇ ರಜೆ ಗುರುತು ಮಾಡಬೇಕು. ನೋಡುತ್ತಾನೆ, ಅವನ ಸಾಲೇ ಇಲ್ಲ.

ಹೆಸರಿನ ಮೇಲೆ ಒತ್ತಿ ಕ್ರಮವಾಗಿ ನಿಲ್ಲಿಸಿದ. ಇಲ್ಲ. ಉಲ್ಟಾ ಮಾಡಿದ. ಇಲ್ಲ. ಕೆಲಸಕ್ಕೆ ಸೇರಿದ ದಿನಾಂಕದ ಮೇಲೆ ನಿಲ್ಲಿಸಿದ, ಪಕ್ಕದ ಕುರ್ಚಿಯ ಫಹೀಮ್ ಮೇಲೆ ಬಂದ, ಪ್ರಭುಲಿಂಗ ಎಲ್ಲೂ ಬರಲಿಲ್ಲ. ವಾಚ್‌ಮನ್ ಕೆಂಪರಾಜನ ಹೆಸರು ಕೂಡ ಠೀವಿಯಿಂದ ನಿಂತಿತ್ತು. ಫಿಲ್ಟರ್ ಎಂಬ ಮಾತು ಆ ಮಹಾಶಯನ ತಲೆಗೆ ಬಂತೇ? ಬರಲಿಲ್ಲ! ಅನ್ನ ಹಾಕುತ್ತಿದ್ದ ಫಿಲ್ಟರನ್ನೇ ಮರೆತ. ಬೈದದ್ದೊಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕೆಲಸದಿಂದ ತೆಗೆದುಬಿಟ್ಟರು ಎಂದು ಅವನಿಗೆ ಖಾತ್ರಿಯಾಯಿತು. ಸಾಲು ನಿಲ್ಲಿಸುವುದು, ಮರೆಮಾಡುವುದು ಬಿಟ್ಟರೆ ಅವನಿಗೆ ಬೇರೇನು ಬರುತ್ತಿತ್ತು ಹೇಳಿ. ಬೈರಮ್ಮ ಕೂಡ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಮೂಲೆಗೆ ಹೋಗಿ ರುದ್ರಾಣಿಗೆ ಫೋನ್ ಮಾಡಿದ. "ನನ್ನ ತೆಗದ್ಹಾಕ್ಯಾರ. ಹೆಸರ ಅಳಿಸ್ಯಾರ."

"ಉಂಡೀರೇನು?"

"ಕೆಲಸ ಹೋತು ಅಂದ್ರ ಉಂಡೀರೇನು ಅಂತ ಕೇಳ್ತಿಯಲ್ಲ!"

"ಮೊದಲ ರೊಟ್ಟಿ ತಿನ್ರಿ. ಹಸಕೊಂಡು ಅತ್ತರ ತಲಿ ನೋಯ್ತದ. ಆಮ್ಯಾಲೆ ಯಾಕ ತೆಗದ್ರಿ ಅಂತ ಅವರ ಎದುರಿಗಿ ನಿಂತು ಕೇಳ್ರಿ," ಎಂದಳು. ಅವಳ ದನಿಯೂ ಸಣ್ಣಗೆ ನಡುಗಿದ್ದು ಅವನಿಗೆ ತಿಳಿಯಿತು, ಅದರಿಂದ ಇನ್ನಷ್ಟು ಅಳು ಬಂತು.

ರೊಟ್ಟಿ ತಿಂದ. ಮೇಜಿನ ಮೇಲಿದ್ದ ಬಸವಣ್ಣನ ಫೋಟೋ ಬ್ಯಾಗಿಗೆ ಹಾಕಿಕೊಂಡ. ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯನ್ನು ಫಹೀಮನ ಕೈಗಿಟ್ಟು, "ನನ್ನ ನೆನಪಿಗಿ ಇಟ್ಕೊ ತಮ್ಮಾ," ಎಂದ. ಫಹೀಮ್ ಕಿವಿಯಿಂದ ಹಾಡು ಕಿತ್ತು, "ಕ್ಯಾ ಹುವಾ ಭಾಯ್, ಊರಿಗೆ ಹೋಗ್ತಿದೀಯಾ?" ಎಂದ. ಪ್ರಭುಲಿಂಗ ಹೋಗಿ ಮೀಟಿಂಗ್ ರೂಮಿನ ಬಾಗಿಲು ದಬದಬ ಬಡಿದ.

"ಬುದ್ಧಿ ಇಲ್ಲ ಅಂದದ್ದು ತಪ್ಪು, ಒಪ್ಕೊಳ್ತೀನಿ. ಅದಕ್ಕ ಹೆಸರ ಅಳಿಸೋದೇನ್ರಿ?"

ರವಿಕಿರಣ ಕಣ್ಣು ಕಣ್ಣು ಬಿಟ್ಟ. "ಯಾರಪ್ಪ ಅಳ್ಸಿದ್ದು? ಬುದ್ಧಿ ಇಲ್ಲ ಅಂತ ನಮ್ಮನೇಲಿ ದಿನಾ ಹೇಳ್ತಾರೆ, ಅದಕ್ಕೆ ಯಾರಾದ್ರೂ ಕೆಲಸದಿಂದ ತೆಗೀತಾರಾ? ಎಲ್ಲಿ, ತೋರ್ಸು." ಬಂದು ನೋಡಿದ. ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಅವನ ಮುಖದ ಬಣ್ಣ ಇಳಿಯತೊಡಗಿತು.

"ಮಗಾ," ಎಂದ ಮೆಲ್ಲಗೆ, "ನಂದೂ ಇಲ್ಲ ಕಣೋ."

ಇಬ್ಬರೂ ಮೆಟ್ಟಿಲ ಮೇಲೆ ಹೋಗಿ ಕೂತರು. ಬೆಳಿಗ್ಗೆ ಕತ್ತು ಹಿಸುಕಲು ಹೊರಟಿದ್ದವರು ಈಗ ಒಂದೇ ಕಪ್ಪಿನ ಕಾಫಿ ಹಂಚಿಕೊಂಡರು. ಮಾಲೀಕರು ಇಬ್ಬರನ್ನೂ ಒಟ್ಟಿಗೆ ಕಿತ್ತುಹಾಕಿದ್ದಾರೆ, ಜಗಳ ಕೇಳಿ ಕೇಳಿ ಸಾಕಾಗಿರಬೇಕು ಎಂದು ತೀರ್ಮಾನಿಸಿದರು. ಕಮ್ಮನಹಳ್ಳಿಯಲ್ಲಿ ರೊಟ್ಟಿ ಖಾನಾವಳಿ ಹಾಕೋಣ, ದಾವಣಗೆರೆ ಬೆಣ್ಣೆ ದೋಸೆಯನ್ನೂ ಇಡೋಣ ಎಂದು ಯೋಜನೆಯಾಯಿತು. ಮೆನುವಿನಲ್ಲಿ ದೋಸೆ ಮೊದಲೋ ರೊಟ್ಟಿ ಮೊದಲೋ ಎಂದು ಸಣ್ಣ ವಾಗ್ವಾದವೂ ಆಯಿತು. ಆಮೇಲೆ ರವಿಕಿರಣ ಗೋಡೆ ನೋಡುತ್ತ ಹೇಳಿದ: "ನಿನ್ ಪಟ್ಟಿ ಚೆನ್ನಾಗೇ ಇತ್ತು ಪ್ರಭು. ಮೀಟಿಂಗಲ್ಲಿ ಎಲ್ರೂ ಅದನ್ನೇ ಹೊಗಳಿದ್ರು. ನಂಗೆ ಹೊಟ್ಟೆಕಿಚ್ಚಾಯ್ತು, ಅದಕ್ಕೇ ತೆಗ್ದೆ."

ಪ್ರಭುಲಿಂಗನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಾಪ ಅನ್ನಿಸಿತು. ಕಾಫಿಯ ಕೊನೆಯ ಗುಟುಕನ್ನು ಅವನಿಗೇ ಬಿಟ್ಟುಕೊಟ್ಟ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಘಮಘಮ ವಾಸನೆ ಬಂತು. ಆಫೀಸಿನ ಆಡಳಿತ ನೋಡಿಕೊಳ್ಳುವ ಹಲಸೂರಿನ ಗಂಗಾ ಎರಡೂ ಕೈಯಲ್ಲಿ ಶಿವಾಜಿನಗರದ ಬಿರಿಯಾನಿ ಪೊಟ್ಟಣಗಳನ್ನು ಹಿಡಿದು ಬಂದಳು. ಪ್ರತಿ ಶುಕ್ರವಾರ ಬಿರಿಯಾನಿ ತರಿಸುವುದು ಈ ಆಫೀಸಿನ ಪದ್ಧತಿ.

"ಏನ್ ಸಾರ್, ಇಬ್ರೂ ಹಿಂಗ್ ಕೂತಿದೀರಾ? ಯಾರಾದ್ರೂ ಹೋಗ್ಬಿಟ್ರಾ?"

"ನಾವೇ ಹೋದ್ವಮ್ಮ," ಎಂದ ರವಿಕಿರಣ. "ಟೇಬಲ್‌ನಲ್ಲಿ ನಮ್ಮಿಬ್ಬರ ಹೆಸರೇ ಇಲ್ಲ."

"ಹೆಂಗಿರುತ್ತೆ ಸಾರ್? ಬಿರಿಯಾನಿ ಆರ್ಡರ್ ಮಾಡೋಕೆ ಅಂತ ನಾನ್‌ವೆಜ್ ತಿನ್ನೋರ್ದು ಮಾತ್ರ ಫಿಲ್ಟರ್ ಹಾಕಿದ್ದೆ. ನೀವಿಬ್ರೂ ಮೊಟ್ಟೆ ಕೂಡ ತಿನ್ನಲ್ವಲ್ಲ! ತೆಗ್ಯೋದು ಮರ್ತೋಯ್ತು. ಪ್ರತಿ ವಾರ ಹಳದಿದು ಒಂದು ಬರ್ತಿತ್ತು, ನೋಡಿ ತೆಗೀತಿದ್ದೆ. ಇವತ್ತು ಅದೇ ಬರ್ಲಿಲ್ಲ ಸಾರ್."

ಫಹೀಮ್ ಪೊಟ್ಟಣ ಹಿಡಿದುಕೊಂಡೇ ನೆಲಕ್ಕೆ ಕುಸಿದು ನಕ್ಕ. ಪ್ರಭುಲಿಂಗ ರುದ್ರಾಣಿಗೆ ಫೋನ್ ಮಾಡಿದಾಗ ಅವಳು ಆಗಲೇ ಇಂದಿರಾನಗರದ ಆಟೋ ಹತ್ತಿದ್ದಳು, ಗಂಡನ ಪರವಾಗಿ ಜಗಳವಾಡಲು.

"ಬಿರಿಯಾನಿ ತಿನ್ನಲಿಲ್ಲ ಅಂತ ಕೆಲಸದಿಂದ ತೆಗದ್ರೇನು?" ಎಂದು ಅಬ್ಬರಿಸಿದಳು. ಪೂರ್ತಿ ಕೇಳಿದ ಮೇಲೆ ನಿಟ್ಟುಸಿರು ಬಿಟ್ಟು, "ಫಿಲ್ಟರ್ ಮಾಡಾವರು ನೀವ, ಫಿಲ್ಟರ್ ಬಿದ್ದದ ಅಂತ ತಿಳೀಲಿಲ್ಲೇನು? ಇರ್ಲಿ, ಆಟೋ ವಾಪಸ್ ತಿರುಗಿಸ್ತೀನಿ," ಎಂದಳು. ಅವನಿಗೆ ನಾಚಿಕೆಯೂ ಆಯಿತು, ಜೀವ ಬಂದಂತೆಯೂ ಆಯಿತು.

ಗಂಗಾ ಫಿಲ್ಟರ್ ತೆಗೆದಳು. ಹೆಸರುಗಳೆಲ್ಲ ದಡಬಡ ವಾಪಸ್ ಬಂದವು. ರವಿಕಿರಣ ಕುರ್ಚಿ ಎಳೆದು ಪ್ರಭುಲಿಂಗನನ್ನು ಕೂರಿಸಿ, "ಪಟ್ಟಿ ವಾಪಸ್ ಹಾಕು. ಅದರಲ್ಲಿ ಏನ್ ಬರೀಬೇಕೋ ನೀನೇ ಬರಿ. ನಾನು ಬಾಯಿ ಹಾಕಲ್ಲ," ಎಂದ.

"ಫಿಲ್ಟರ್ ಆನ್ ಇದೆ" ಎಂಬ ಹಳೆಯ ಮಾತು ಈಗ ಪ್ರಭುಲಿಂಗನಿಗೆ ಸಾಲದೆನಿಸಿತು. ಬಹಳ ಹೊತ್ತು ಯೋಚಿಸಿ ಹೊಸದಾಗಿ ಟೈಪ್ ಮಾಡಿದ: "ಕೆಲವರು ಈಗ ಕಾಣುತ್ತಿಲ್ಲ. ಆದರೆ ಎಲ್ಲರೂ ಇದ್ದಾರೆ."

"ಉದ್ದ ಆಯ್ತು ಗುರು," ಎಂದ ರವಿಕಿರಣ. ಬಾಗಿ ಇನ್ನೊಮ್ಮೆ ಓದಿದ. ಆಮೇಲೆ ಪ್ರಭುಲಿಂಗನ ಹೆಗಲ ಮೇಲೆ ಕೈಯಿಟ್ಟು, "ಒಂದಕ್ಷರಾನೂ ತೆಗೀಬೇಡ," ಎಂದ.