ರಿಜಿಸ್ಟರಿನ ಒಂದೇ ಗೀಟು

ಗುಮಾಸ್ತರ ಬಲಗೈಯ ನಡುಬೆರಳಿನ ಮೇಲೊಂದು ಗಂಟಿತ್ತು. ಹುಣಸೆಬೀಜದಷ್ಟು ದಪ್ಪ, ಇಂಕು ಇಳಿದು ಇಳಿದು ನೀಲಿಯಾಗಿತ್ತು. ಬರೆಯಲು ಕೂತರೆ ಮೊದಲು ಮಣಿಕಟ್ಟಿನ ಕೆಳಗೆ ಮಡಿಸಿದ ಕರ್ಚೀಫು ಇಟ್ಟುಕೊಳ್ಳುತ್ತಿದ್ದರು, ಬೆವರು ರಿಜಿಸ್ಟರಿಗೆ ತಾಗಬಾರದು ಅಂತ.

ಹೊಸನಗರದಿಂದ ತೀರ್ಥಹಳ್ಳಿ ಕಡೆ ಹೋಗುವ ದಾರಿಯ ಒಂದು ಸರ್ಕಾರಿ ಹೈಸ್ಕೂಲಿಗೆ ಅವರು ಗುಮಾಸ್ತರು. ನಾನು ಅಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಕುದಿಯುವ ಬೆಲ್ಲಕ್ಕೆ ಕೈ ಹಾಕಿದ್ದೆನಂತೆ. ಬಲಗೈಯ ನಾಲ್ಕು ಬೆರಳೂ ಒಂದಕ್ಕೊಂದು ಕೂಡಿಕೊಂಡಿವೆ. ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ. ಎಡಗೈಯಲ್ಲಿ ಬರೆದರೆ ಪ್ರೈಮರಿ ಮೇಷ್ಟ್ರು ಹೊಡೆಯುತ್ತಿದ್ದರು. ಹಾಗಾಗಿ ಹೆಬ್ಬೆರಳಿಗೂ ಆ ಮುದ್ದೆಗೂ ನಡುವೆ ಪೆನ್ನು ಸಿಕ್ಕಿಸಿ ಬರೆಯುವುದು ಕಲಿತೆ. ಬಹಳ ನಿಧಾನ.

ಸೇರಿಸಲು ಅಪ್ಪ ಬಂದಿದ್ದ. ದಾಖಲಾತಿ ರಿಜಿಸ್ಟರಿನಲ್ಲಿ ಗುರುತಿನ ಚಿಹ್ನೆ ಅಂತ ಒಂದು ಕಾಲಂ. ಗುಮಾಸ್ತರು ಅಲ್ಲಿ ಪೆನ್ನು ನಿಲ್ಲಿಸಿದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಪಹಣಿಯಲ್ಲಿ ತನ್ನ ಹೆಸರು ಬರಲಿ ಅಂತ ಗೇಣಿ ಜಮೀನಿಗೆ ಡಿಕ್ಲರೇಶನ್ ಹಾಕಿ ಟ್ರಿಬ್ಯೂನಲ್ ಮುಂದೆ ನಿಂತು ಬಂದವನು.

"ಕೈದು ಬರ್ಕಳಿ ಗುಮಾಸ್ತ್ರೇ. ಪಾಣೀಲಿ ಇಲ್ದಿದ್ದು ಎಲ್ಲೂ ಇಲ್ಲ ಅಂತಾರೆ."

"ಇದು ಪಾಣಿ ಅಲ್ಲ ಮಾರಾಯ, ನಿನ್ನ ಮಗಳು," ಅಂದರು ಅವರು. ನನ್ನ ಮುಖ ನೋಡಿ, ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ ಅಂತ ಬರೆದರು.

ನನ್ನ ಕೆನ್ನೆಯ ಮೇಲೆ ಮಚ್ಚೆ ಇದೆ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಕೈಯನ್ನೇ ನೋಡುತ್ತಿದ್ದರು.

ಆ ರಿಜಿಸ್ಟರಂದರೆ ಅವರಿಗೆ ಪ್ರಾಣ. ಅವರು ಸೇರಿದಂದಿನಿಂದ ಅದರಲ್ಲಿ ಒಂದು ಕಾಟು ಹೊಡೆದದ್ದಿಲ್ಲ, ಒಂದು ಅಕ್ಷರ ತಿದ್ದಿದ್ದಿಲ್ಲ. ಹಾಜರಿಯಲ್ಲಿ ಗೀಚಿದ ಮೇಷ್ಟ್ರುಗಳಿಗೆ, "ಇದೆಂತ ಮೇಷ್ಟ್ರೇ, ಪುಸ್ತಕವೋ ಕೋಳಿ ಕೆದರಿದ ಅಂಗಳವೋ?" ಅನ್ನುತ್ತಿದ್ದರು. ಹೆಡ್‌ಮೇಷ್ಟ್ರಿಗೂ ರಿಯಾಯಿತಿ ಇರಲಿಲ್ಲ.

ಹತ್ತನೇ ಕ್ಲಾಸಿನ ಪ್ರಿಪರೇಟರಿಯಲ್ಲಿ ನಾನು ಯಾವ ಪೇಪರನ್ನೂ ಮುಗಿಸಲಿಲ್ಲ. ಉತ್ತರ ಗೊತ್ತಿತ್ತು, ಗಂಟೆ ಹೊಡೆಯುತ್ತಿತ್ತು. ಪಾಪ, ಪಾಸಾದರೆ ಸಾಕು ಅಂದರು ಮೇಷ್ಟ್ರುಗಳು. ಆಗ ನಮ್ಮಂಥವರಿಗೆ ಅಂತ ಕಾನೂನು ಇರಲಿಲ್ಲ. ಹಕ್ಕು ಅನ್ನುವ ಮಾತು ನಮ್ಮ ಶಾಲೆಯಲ್ಲಿ ಕೇಳಿದ ನೆನಪಿಲ್ಲ.

ಗುಮಾಸ್ತರು ಹಳೇ ಫೈಲುಗಳನ್ನು ಕೆಳಗಿಳಿಸಿ ಒಂದು ಸುತ್ತೋಲೆ ತೆಗೆದರು. ಕೈ ಸ್ವಾಧೀನವಿಲ್ಲದವರು ಅರ್ಜಿ ಹಾಕಿದರೆ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು. ನಮ್ಮ ಶಾಲೆಯಿಂದ ಯಾರೂ ಹಾಕಿರಲಿಲ್ಲ.

"ಯಾರ ಕಾಲೂ ಹಿಡೀಬೇಡ," ಅಂದರು. "ಇದು ದಯೆ ಅಲ್ಲ ಕಣೇ, ಆರ್ಡರು. ದಯೆ ಮಾಡಿದೋರು ಮರೀತಾರೆ. ಆರ್ಡರಿಗೆ ನಂಬರ್ ಇರ್ತದೆ."

ಡಾಕ್ಟರ ಸರ್ಟಿಫಿಕೇಟು ಸೇರಿಸಿ ಮೇಲಿನ ಆಫೀಸಿಗೆ ಅರ್ಜಿ ಕಳಿಸಿದರು. ಅದು ಷರಾ ಬರೆಸಿಕೊಂಡು ವಾಪಸು ಬಂತು. ಶಾಲೆಯ ದಾಖಲೆಯಲ್ಲಿ ವಿದ್ಯಾರ್ಥಿನಿಯ ಅಂಗವೈಕಲ್ಯದ ನಮೂದು ಇರುವುದಿಲ್ಲ, ಆದ್ದರಿಂದ ಪರಿಗಣಿಸಲಾಗುವುದಿಲ್ಲ.

ಗುಮಾಸ್ತರು ಅದನ್ನು ನಿಂತೇ ಓದಿದರು. ಆಮೇಲೆ ಕೂತರು.

"ಬಿಡ್ರೀ," ಅಂದರು ಹೆಡ್‌ಮೇಷ್ಟ್ರು. "ಹೆಂಗೂ ಪಾಸಾಗ್ತಾಳೆ. ಪರೀಕ್ಷೆ ಹೊತ್ತಲ್ಲಿ ರಿಜಿಸ್ಟರ್ ತಿದ್ದಿದ್ರೆ ನಿಮ್ಮ ಬುಡಕ್ಕೇ ಬರ್ತದೆ."

"ಪಾಸಾಗೋದು ಅವಳ ಕೆಲಸ ಸರ್. ಬರೆಯೋದು ನನ್ನ ಕೆಲಸ ಇತ್ತು."

ನನ್ನನ್ನು ಕರೆದು, "ಕೈ ಇಡು" ಅಂದರು. ಮೇಜಿನ ಮೇಲೆ ಇಟ್ಟೆ. ಅವರ ಗಂಟಿನ ಬೆರಳು, ನನ್ನ ಬೆರಳು ಕೂಡಿದ ಕೈ ಪಕ್ಕಪಕ್ಕ. ಅವರು ಅದನ್ನು ಸರಿಯಾಗಿ ನೋಡಿದ್ದು ಅವತ್ತೇ. ಮಚ್ಚೆಯ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಕೆಂಪು ಗೀಟು ಎಳೆದರು. ಕೆಳಗೆ ಕೈಯ ವಿವರ ಬರೆದು, ದಾಖಲಾತಿಯ ದಿನವೇ ಕಂಡಿದ್ದೆ, ಬರೆಯದಿದ್ದುದು ನನ್ನ ತಪ್ಪು ಅಂತ ಸೇರಿಸಿ ಸಹಿ ಮಾಡಿದರು. ನನಗೆ ಏನೂ ಅನ್ನಿಸಲಿಲ್ಲ. ಕೈ ತೆಗೆಯಲಾ ಅಂತ ಕೇಳಿದೆ.

ಮರುದಿನ ರಿಜಿಸ್ಟರನ್ನು ಪಂಚೆಯಲ್ಲಿ ಸುತ್ತಿ, ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ಎರಡು ಬಸ್ಸು ಬದಲಿಸಿ ಮೇಲಿನ ಆಫೀಸಿಗೆ ಹೋದರು. ಸಾಹೇಬರು ನನ್ನ ಕೈ ನೋಡಿದರು, ಗೀಟು ನೋಡಿದರು.

"ಏನ್ರೀ, ಇಷ್ಟು ದೊಡ್ಡದು ಅವತ್ತು ಕಾಣಲಿಲ್ವಾ ನಿಮಗೆ?"

"ಕಂಡಿತ್ತು ಸರ್. ಬರೀಲಿಲ್ಲ."

"ಯಾಕೆ?"

ಗುಮಾಸ್ತರು ಗೀಟಿನ ಕೆಳಗಿನ ತಮ್ಮ ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು.

ನನಗೆ ಅರ್ಧ ಗಂಟೆ ಸಿಕ್ಕಿತು. ಅವರಿಗೆ ಕರ್ತವ್ಯಲೋಪದ ಮೆಮೊ ಸಿಕ್ಕಿತು. ಅದು ಅವರ ಸರ್ವೀಸ್ ಪುಸ್ತಕಕ್ಕೆ ಸೇರಿತು. ಅದೂ ಅಲ್ಲಿಯವರೆಗೆ ಶುದ್ಧವಾಗಿತ್ತು. ಅವತ್ತು ಮೂವರೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು. ಇಳಿಯುವ ಹೊತ್ತಿಗೆ ಗುಮಾಸ್ತರು, "ನಿನ್ನಪ್ಪ ಹೇಳಿದ್ದೇ ಸರಿ" ಅಂದರು.

ಪರೀಕ್ಷೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಹಾಲ್‌ನಲ್ಲಿ ನಾನೊಬ್ಬಳೇ ಕೂತು ಬರೆದೆ. ಮೇಲ್ವಿಚಾರಕರು ಗಡಿಯಾರ ನೋಡುತ್ತಿದ್ದರು. ಒಂದು ಪೇಪರನ್ನೂ ಅರ್ಧಕ್ಕೆ ಬಿಡಲಿಲ್ಲ. ಫಸ್ಟ್ ಕ್ಲಾಸ್ ಬಂತು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗುಮಾಸ್ತರು ರಿಟೈರಾಗಿ ಸಾಗರದಲ್ಲಿ ಮಗನ ಮನೆಗೆ ಹೋದರು. ನಾನು ಎರಡನೇ ಬಿ.ಎ.ಯಲ್ಲಿದ್ದಾಗ ತೀರಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಶಾಲೆಯ ಜವಾನ, "ನಿನ್ ಗುಮಾಸ್ತ್ರು ಹೋದ್ರಲ್ಲೇ, ತಿಂಗಳಾತು" ಅಂದ. ಹೌದಾ ಅಂದೆ. ಬಸ್ಸು ಬಂತು, ಹತ್ತಿದೆ. ಕಾಲೇಜಿನಲ್ಲಿ ಅವತ್ತಿನ ಪಾಠಗಳನ್ನೆಲ್ಲ ಕೇಳಿ ನೋಟ್ಸು ಬರೆದುಕೊಂಡೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಆಮೇಲೆ ಕೆಲಸಕ್ಕೆ ಬಹಳ ಅರ್ಜಿ ತುಂಬಿದೆ. ಅವುಗಳಲ್ಲಿ ಗುರುತಿನ ಚಿಹ್ನೆಗೆ ಎರಡು ಸಾಲು ಇರುತ್ತಿದ್ದವು. ಮೊದಲ ಸಾಲಿನಲ್ಲಿ ಅಪ್ಪ ಹೇಳಿದ್ದನ್ನು ಬರೆಯುತ್ತಿದ್ದೆ, ಬಲಗೈಯ ನಾಲ್ಕು ಬೆರಳು ಕೂಡಿಕೊಂಡಿವೆ. ಎರಡನೆಯದರಲ್ಲಿ, ಮಣಿಕಟ್ಟಿನ ಕೆಳಗೆ ಕರ್ಚೀಫು ಸರಿಮಾಡಿಕೊಂಡು, ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ.