ಖಾಲಿ ಜೀಪಿನ ಕುಣಿತ

ಎಪ್ಪತ್ತರ ದಶಕದಲ್ಲಿ ನಾನು ಪಾವಗಡದ ಕಡೆ ಬೋರ್‌ವೆಲ್ ಕೊರೆಯುವವರ ಜೀಪು ಓಡಿಸುತ್ತಿದ್ದೆ. ಹಳೆಯ ಜೀಪಿನ ಹಿಂದಿನ ಸ್ಪ್ರಿಂಗ್ ಮೆತ್ತಗಿದ್ದು, ಕಲ್ಲುದಾರಿಯಲ್ಲಿ ತಳ ಬಡಿಯುತ್ತಿತ್ತು. ಅದಕ್ಕೇ ಹೊಸ ಜೀಪು ಬಂದಾಗ ಸಿರಾದ ಗ್ಯಾರೇಜಿನಲ್ಲಿ ಅದರ ಹಿಂದಿನ ಸ್ಪ್ರಿಂಗಿಗೆ ಎರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಹಾಕಿಸಿದ್ದೆ. ಇನ್ನು ಎಲ್ಲಿಗೆ ಬೇಕಾದರೂ ನುಗ್ಗಬಹುದು ಎಂಬ ಜಂಬ ನನಗೆ.

ಒಂದು ಮಧ್ಯಾಹ್ನ, ಬಂಡೆಯಿಂದ ಜಾರಿ ತೊಡೆಮೂಳೆ ಮುರಿದುಕೊಂಡ ಕುರಿಗಾಹಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಜೀಪಿನ ಹಿಂದೆ ಸೀಟುಗಳ ನಡುವೆ ಕಂಬಳಿ ಹಾಸಿ ಮಲಗಿಸಿದೆವು. ಪಕ್ಕದಲ್ಲಿ ಅವನ ತಾಯಿ ಈರಮ್ಮ ಕೂತಳು. ಮೊದಲ ಗುಂಡಿಗೇ ಜೀಪಿನ ಹಿಂಭಾಗ ಎಗರಿತು. ಅವನು ಕಿರುಚಿ ಪ್ರಜ್ಞೆ ತಪ್ಪಿದ.

"ನಿಲ್ಸಪ್ಪ!" ಎಂದಳು ಈರಮ್ಮ. "ಖಾಲಿ ಗಾಡಿ ಕಣಪ್ಪ ಇದು, ಅದ್ಕೇ ಕುಣೀತೈತೆ. ಭಾರ ಹಾಕು."

"ಈ ಸ್ಪ್ರಿಂಗ್ ಗಟ್ಟಿ ಐತೆ ಕಣಮ್ಮ, ಏನೂ ಆಗಲ್ಲ."

"ನೀನು ಮುಂದ್ಗಡೆ ಕುಂತಿದ್ದೀಯ. ಹಿಂದ್ಗಡೆ ಹೆಂಗೈತೆ ಅಂತ ನಿಂಗೇನು ಗೊತ್ತು?"

ನಾನು ಜೀಪು ನಿಲ್ಲಿಸಿದೆ. ಅವಳು ಹೊಲದ ಕಡೆ ತಿರುಗಿ ಕೂಗಿದಳು. ಕಡಲೆಕಾಯಿ ಕೀಳುತ್ತಿದ್ದ ಐವರು ಓಡಿಬಂದು, ಎರಡೂ ಬದಿಯ ಸೀಟಿನಲ್ಲಿ ಒತ್ತಿಕೊಂಡು ಕೂತರು. ಹಿಂದಿನ ಸ್ಪ್ರಿಂಗ್ ಬಾಗಿತು. ಅದೇ ದಾರಿಯಲ್ಲಿ ಜೀಪು ಎಗರುವುದನ್ನು ಬಿಟ್ಟು ಮೆಲ್ಲಗೆ ತೂಗತೊಡಗಿತು. ಎಚ್ಚರವಾದ ಮೇಲೆ ಅವನು ನರಳಿದ, ಆದರೆ ಕಿರುಚಲಿಲ್ಲ. ಆ ಮೊದಲ ಕಿರುಚಾಟ ಮಾತ್ರ ಆಸ್ಪತ್ರೆ ಸೇರುವವರೆಗೂ ನನ್ನ ಕಿವಿಯಲ್ಲೇ ಇತ್ತು.

ಅವನ ಕಾಲು ಉಳಿಯಿತು. ಕೊಂಚ ಕುಂಟುತ್ತಲೇ ಮತ್ತೆ ಕುರಿ ಮೇಯಿಸಲು ಹೋದ.

ಆವತ್ತು ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ರೇಗಿದ್ದರು: "ಒಬ್ಬ ರೋಗಿ ಜೊತೆ ಇಷ್ಟೊಂದು ಜನ ಯಾಕ್ರೀ ಬಂದ್ರಿ?"

ಐವರಲ್ಲಿ ಹಿರಿಯವನು ಮಣ್ಣಾದ ಕೈ ಮುಗಿದು ಹೇಳಿದ: "ನಾವು ಭಾರಕ್ಕೆ ಬಂದೋರು, ಸಾಮಿ."