ಹಾಲಿನ ಡೇರಿಗೆ ಹೋದ ನನ್ನ ರ‍್ಯಾಮು

ಗೆಳೆಯರೇ, ನೀವೇ ನ್ಯಾಯ ಹೇಳಿ. ಸ್ಪರ್ಧೆಗೆ ಮಾಡುತ್ತಿದ್ದ ಹಾಡನ್ನು ಮುಗಿಸಿ ಇವತ್ತು ಸಂಜೆ ಏಳರೊಳಗೆ ಕಳಿಸಬೇಕಿತ್ತು. ಐದಕ್ಕೆ ನನ್ನ ಮನೆ ಸ್ಟುಡಿಯೋದ ಕಂಪ್ಯೂಟರ್ ತೆರೆದರೆ ತಮಟೆ ಲೋಡ್ ಆಗುತ್ತದೆ, ನಾದಸ್ವರ ಸೇರಿಸಿದ ತಕ್ಷಣ ಸಾಫ್ಟ್‌ವೇರ್ ಸತ್ತುಹೋಗುತ್ತದೆ. ಹದಿನಾರು ಜಿಬಿ ರ‍್ಯಾಮ್ ಇದ್ದದ್ದು ಎಂಟು ತೋರಿಸುತ್ತಿದೆ! ಪೆಟ್ಟಿಗೆ ಬಿಚ್ಚಿದೆ. ಎಂಟೆಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಮಾಯ.

ಹೊಣಕೆರೆ ಡೇರಿಯಲ್ಲಿ ಹಾಲಿನ ಚೀಟಿ ಕೊಡುವ ನಮ್ಮಣ್ಣನಿಗೆ ಫೋನ್ ಮಾಡಿದೆ.

"ಊಂ ಕಣ್ಲಾ, ನಾನೇ ಕಿತ್ಕೊಂಡ್ ಬಂದೆ. ಡೇರಿ ಕಂಪ್ಯೂಟ್ರು ತಿಣುಕ್ತಿತ್ತು. ನಿಂಗೆ ಎಲ್ಡು ಇತ್ತಲ್ಲ?"

"ಅದೇನ್ ಎಮ್ಮೆನಾ ಅಣ್ಣೋ, ಒಂದ್ ಬುಟ್ಟು ಒಂದ್ ಹೊಡ್ಕೊಂಡ್ ಹೋಗಕೆ? ಅಷ್ಟೂ ವಾದ್ಯ ಎಲ್ಲಿ ಕೂರ್ಸ್ಲಿ?"

"ಹಾಲು ಒಡ್ದೋಯ್ತದೆ ಕಣ್ಲಾ. ನಿನ್ ಪದ ಒಡ್ದೋಯ್ತದಾ?"

ಮೈ ಉರಿದುಹೋಯಿತು. ಡೇರಿಗೆ ಓಡಿ ಅಲ್ಲಿನ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕಿದೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದ ಜಯಮ್ಮಕ್ಕ ಗದರಿದರು: "ಮುಟ್ಟಿದ್ರೆ ನೋಡು! ಇವತ್ತೇ ಅದು ನೆಟ್ಗೆ ಚೀಟಿ ಕೊಡ್ತಿರೋದು." ಸಾಲು ಪೂರ್ತಿ ಅವರ ಪರ.

ಏಳು ದಾಟಿತು, ಹಾಡು ಹೋಗಲಿಲ್ಲ. ನನ್ನ ಸ್ಟುಡಿಯೋದ ಕೆಲಸವನ್ನು ಊರವರು ಸಾಲುಗಟ್ಟಿ ನಿಂತು ಮೆಚ್ಚಿದ್ದು ಇದೇ ಮೊದಲು. ಒಂದು ಸ್ವರವನ್ನೂ ಕೇಳದೆ!